ಅಕಾಡೆಮಿಯಲ್ಲಿ ಅಂಕ ಇಳಿದಾಗ ನಾನು ಓದಿದ ಬಗೆ

ಪಿಯುಸಿ ಓದುತ್ತಿರುವ ಮಕ್ಕಳನ್ನು ಕರೆದುಕೊಂಡು ಹಾಸನದ ನಮ್ಮ ಮನೆಗೆ ಬರುವ ತಂದೆತಾಯಿ ಮಾತಿಗೆ ಮೊದಲೇ ಅಂಕಪಟ್ಟಿ ತೆಗೆದು ಮೇಜಿನ ಮೇಲಿಡುತ್ತಾರೆ. "ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 600ರ ಮೇಲೆ ಬಂದಿದೆ ಸರ್. ಎನ್‌ಡಿಎಗೆ ಹೋದರೂ ಓದಿನಲ್ಲಿ ಮುಂದೆಯೇ ಇರುತ್ತಾನಲ್ಲವೇ?" ಎಂದು ಕೇಳುತ್ತಾರೆ. ಎನ್‌ಡಿಎ ಎಂದರೆ ಮೂರೂ ಸೇನೆಗಳಿಗೆ ಅಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ನಾನೂ ಅಲ್ಲಿಯೇ ಓದಿದವನು. ಅಲ್ಲಿನ ಮೊದಲ ಟರ್ಮಿನಲ್ಲಿ, ಅಂದರೆ ಮೊದಲ ಆರು ತಿಂಗಳಲ್ಲಿ, ಅಂಕ ಇಳಿಯುವ ಸಾಧ್ಯತೆಯೇ ಹೆಚ್ಚು, ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎನ್ನುತ್ತೇನೆ. ಹುಡುಗನ ಮುಖ ಸಪ್ಪಗಾಗುತ್ತದೆ. ಆದರೂ ಹೇಳುತ್ತೇನೆ, ಏಕೆಂದರೆ ನನಗೆ ಇದನ್ನು ಮುಂಚಿತವಾಗಿ ಯಾರೂ ಹೇಳಿರಲಿಲ್ಲ.

ನಾನು ಹತ್ತನೆಯ ತರಗತಿಯವರೆಗೆ ಓದಿದ್ದು ಅರಸೀಕೆರೆ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಪಿಯುಸಿಗೆ ಹಾಸನಕ್ಕೆ ಬಂದು ವಿಜ್ಞಾನ ತೆಗೆದುಕೊಂಡೆ. ಎರಡೂ ಕಡೆ ತರಗತಿಗೆ ಮೊದಲಿಗನಾಗಿದ್ದೆ. ಆ ಅಂಕಗಳ ಹಿಂದೆ ಇದ್ದದ್ದು ಮುಖ್ಯವಾಗಿ ಸಮಯ. ತೋಟದಲ್ಲಿ ಅಪ್ಪನಿಗೆ ಒಂದಿಷ್ಟು ಕೈಜೋಡಿಸಿದರೆ ಉಳಿದ ಸಂಜೆಯೆಲ್ಲ ನನ್ನದೇ. ಒಂದು ಪಾಠ ಮೊದಲ ಸಲಕ್ಕೆ ತಲೆಗೆ ಹತ್ತದಿದ್ದರೆ ಮತ್ತೆ ಮತ್ತೆ ಓದುತ್ತಿದ್ದೆ, ಬಾಯಿಪಾಠ ಆಗುವವರೆಗೂ ಬಿಡುತ್ತಿರಲಿಲ್ಲ. ತರಗತಿಯಲ್ಲಿ ಗಮನ ತಪ್ಪಿದರೂ ಮನೆಯಲ್ಲಿ ಸರಿದೂಗಿಸಿಕೊಳ್ಳಬಹುದಿತ್ತು.

ಅಂಕದ ಲೆಕ್ಕಾಚಾರ ಬದಲಾಗುವುದು ಅಕಾಡೆಮಿಯ ಬಾಗಿಲಿಗಿಂತ ಮೊದಲೇ, ಅದರ ಪ್ರವೇಶಕ್ಕೆ ಯುಪಿಎಸ್‌ಸಿ ನಡೆಸುವ ಪರೀಕ್ಷೆಯಲ್ಲಿ. ಅಲ್ಲಿ ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯ ಪರೀಕ್ಷೆಗೆ 600, ಸೇನೆಯ ಆಯ್ಕೆ ಮಂಡಳಿಯಾದ ಎಸ್‌ಎಸ್‌ಬಿಯ ಸಂದರ್ಶನಕ್ಕೆ 900, ಒಟ್ಟು 1800 ಅಂಕ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತವಾಗುತ್ತದೆ. ಶಾಲೆಯ ಅಂಕ ಇದರಲ್ಲಿ ಎಲ್ಲಿಯೂ ಸೇರುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಕೊನೆಯ ಸ್ಥಾನದಲ್ಲಿ ಆಯ್ಕೆಯಾದವರ ಒಟ್ಟು ಅಂಕ 700ರ ಆಸುಪಾಸಿನಲ್ಲಿದೆ, ಅಂದರೆ ಶೇಕಡ 40ರ ಹತ್ತಿರ. ನೂರಕ್ಕೆ 95 ಬಂದರೂ ಐದು ಎಲ್ಲಿ ಹೋಯಿತೆಂದು ಕೇಳಿಸಿಕೊಂಡು ಬೆಳೆದ ಮಕ್ಕಳಿಗೆ ಇದು ಸುಲಭಕ್ಕೆ ಅರಗುವುದಿಲ್ಲ. ನಾನು ಬೆಂಗಳೂರಿನಲ್ಲಿ ಐದು ದಿನದ ಎಸ್‌ಎಸ್‌ಬಿ ಎದುರಿಸಿದಾಗಲೂ ಅಲ್ಲಿ ನನ್ನ ಅಂಕಪಟ್ಟಿ ನೆರವಿಗೆ ಬರಲಿಲ್ಲ. ಗುಂಪಿನಲ್ಲಿ ಹೇಗೆ ಮಾತನಾಡುತ್ತೇನೆ, ಅಡೆತಡೆ ದಾಟಲು ಹಲಗೆ ಹಗ್ಗಗಳನ್ನು ಕೊಟ್ಟಾಗ ಉಳಿದವರನ್ನು ಹೇಗೆ ಜೊತೆಗೆ ಒಯ್ಯುತ್ತೇನೆ ಎಂಬುದನ್ನಷ್ಟೇ ನೋಡಿದರು.

ಅರಸೀಕೆರೆಯಲ್ಲಿ ರೈಲು ಹತ್ತಿ ಪುಣೆಯಲ್ಲಿ ಇಳಿದು ಅಕಾಡೆಮಿ ಇರುವ ಖಡಕ್‌ವಾಸ್ಲಾ ಸೇರಿದೆ. ಮೂರು ವರ್ಷ, ಆರು ಟರ್ಮ್, ಕೊನೆಗೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪದವಿ. ಆದ್ದರಿಂದ ಓದು ಅಲ್ಲಿ ನೆಪಮಾತ್ರದ್ದಲ್ಲ. ಆದರೆ ಆ ಓದಿನ ಸುತ್ತ ಬೆಳಗಿನ ಪಿಟಿ, ಡ್ರಿಲ್, ಈಜು, ಕುದುರೆ ಸವಾರಿ, ಸಂಜೆಯ ಆಟ, ಕ್ರಾಸ್‌ಕಂಟ್ರಿ ಓಟದ ಅಭ್ಯಾಸ ಎಲ್ಲವೂ ಇರುತ್ತವೆ. ನಡುನಡುವೆ ಗ್ರೀನ್‌ಹಾರ್ನ್, ರೋವರ್, ತೋರ್ಣಾ ಎಂಬ ಹೊರಾಂಗಣ ತರಬೇತಿ ಕ್ಯಾಂಪುಗಳು. ಬೆಳಕು ಹರಿಯುವ ಮೊದಲೇ ಎದ್ದು, ಓಡಿ, ಬೆವರಿ, ಸ್ನಾನ ಮುಗಿಸಿ, ಸಮವಸ್ತ್ರ ತೊಟ್ಟು, ಸಾಲಾಗಿ ಸೈಕಲ್ ತುಳಿದು ತರಗತಿ ತಲುಪುವ ಹೊತ್ತಿಗೆ ದೇಹ ಅರ್ಧ ದಿನದ ಕೆಲಸ ಮುಗಿಸಿರುತ್ತದೆ. ಫ್ಯಾನಿನ ಗಾಳಿಗೆ ಕುಳಿತ ಎರಡನೆಯ ನಿಮಿಷಕ್ಕೆ ಕಣ್ಣು ಎಳೆಯುತ್ತದೆ. ಪ್ರಾಧ್ಯಾಪಕರು ಇಂಗ್ಲಿಷಿನಲ್ಲಿ ಕಲನಶಾಸ್ತ್ರ ಬಿಡಿಸುತ್ತಿದ್ದರೆ ನನ್ನ ನೋಟ್‌ಪುಸ್ತಕದ ಸಾಲು ಮಧ್ಯದಲ್ಲೇ ಕೆಳಗೆ ಜಾರಿ ಗೀರಾಗಿ ಮುಗಿದಿರುತ್ತಿತ್ತು. ಪುಟದಿಂದ ಪುಟಕ್ಕೆ ಅದೇ ಗೀರು.

ಮೊದಲ ಟರ್ಮಿನ ಫಲಿತಾಂಶ ಬಂದಾಗ ನಾನು ತರಗತಿಯ ನಡುಮಧ್ಯದಲ್ಲಿದ್ದೆ. ಒಂದು ವಿಷಯದಲ್ಲಂತೂ ದಡ ಸೇರಿದ್ದೇ ಹೆಚ್ಚು. ದಡ ಸೇರದವರ ಪಾಡು ಏನೆಂಬುದೂ ಅಷ್ಟರಲ್ಲಿ ಗೊತ್ತಾಗಿತ್ತು. ಅದಕ್ಕೆ ಅಲ್ಲಿ ರೆಲಿಗೇಷನ್ ಎನ್ನುತ್ತಾರೆ. ಓದಿನಲ್ಲಾಗಲಿ ದೈಹಿಕ ಪರೀಕ್ಷೆಗಳಲ್ಲಾಗಲಿ ನಿಗದಿತ ಮಟ್ಟ ಮುಟ್ಟದವರು ಒಂದು ಟರ್ಮ್ ಹಿಂದೆ ಬಿದ್ದು ಕಿರಿಯರ ತಂಡದೊಂದಿಗೆ ಮುಂದುವರಿಯಬೇಕಾಗುತ್ತದೆ. ಜೊತೆಗೆ ಬಂದವರು ಆರು ತಿಂಗಳು ಮೊದಲೇ ಅಧಿಕಾರಿಗಳಾಗುತ್ತಾರೆ. ಅದು ಇಡೀ ಸೇವಾವಧಿಯ ಹಿರಿತನಕ್ಕೆ ತಟ್ಟುತ್ತದೆ.

ರಜೆಯಲ್ಲಿ ಊರಿಗೆ ಬಂದಾಗ ಅಪ್ಪ ಕೇಳಿದ್ದು ಒಂದೇ. "ಏನಪ್ಪಾ, ಮೊದಲಿನ ಹಾಗೆ ಓದುತ್ತಿಲ್ಲವಾ?" ಓದಲು ಹೊತ್ತೇ ಸಿಗುವುದಿಲ್ಲ ಎಂದೆ. ಅಪ್ಪ ಮತ್ತೇನೂ ಹೇಳಲಿಲ್ಲ. ಆದರೆ ಆ ಉತ್ತರ ಕೊಟ್ಟ ಮೇಲೆ ನನಗೇ ವಿಷಯ ನಿಚ್ಚಳವಾಯಿತು. ಹೊತ್ತು ಮುಂದೆಯೂ ಸಿಗುವುದಿಲ್ಲ, ಹಾಗಾಗಿ ಹೊತ್ತನ್ನು ನಂಬಿದ ಓದನ್ನೇ ಬಿಡಬೇಕು.

ಎರಡನೆಯ ಟರ್ಮಿನಿಂದ ತರಗತಿಯೇ ನನ್ನ ಓದಿನ ಕೋಣೆಯಾಯಿತು. ನಿದ್ದೆ ಬರುವ ಮುನ್ಸೂಚನೆ ಸಿಕ್ಕ ಕೂಡಲೇ ಅನುಮತಿ ಕೇಳಿ ಹಿಂದಿನ ಗೋಡೆಯ ಬಳಿ ಹೋಗಿ ನಿಂತುಕೊಂಡು ಬರೆದುಕೊಳ್ಳುತ್ತಿದ್ದೆ. ಅಲ್ಲಿ ಇದು ಅವಮಾನವಲ್ಲ, ನನ್ನ ಅಕ್ಕಪಕ್ಕ ಇನ್ನೂ ನಾಲ್ಕಾರು ಜನ ನಿಂತಿರುತ್ತಿದ್ದರು. ನೋಟ್ಸ್ ಬರೆಯುವ ರೀತಿಯನ್ನೂ ಬದಲಾಯಿಸಿದೆ. ಕಪ್ಪುಹಲಗೆಯ ಮೇಲಿನದನ್ನೆಲ್ಲ ನಕಲು ಮಾಡುವುದನ್ನು ಬಿಟ್ಟು ಪುಟದ ಎಡಕ್ಕೆ ಲೆಕ್ಕದ ಮುಖ್ಯ ಹೆಜ್ಜೆ, ಬಲಕ್ಕೆ ಅದು ಏಕೆ ಹಾಗೆ ಎಂಬ ಒಂದೇ ಸಾಲು. ಆ ಸಾಲನ್ನು ಕನ್ನಡದಲ್ಲಿ ಬರೆಯುತ್ತಿದ್ದೆ. ಇಂಗ್ಲಿಷಿನ ವಾಕ್ಯ ಉರು ಹೊಡೆಯಬಹುದು, ಕನ್ನಡದಲ್ಲಿ ಬರೆಯಬೇಕಾದರೆ ವಿಷಯ ತಿಳಿದಿರಲೇಬೇಕು. ಬಲಗಡೆ ಖಾಲಿ ಉಳಿದ ಜಾಗಗಳೇ ನನ್ನ ಅನುಮಾನಗಳ ಪಟ್ಟಿ. ಪಾಠ ಮುಗಿದು ಪ್ರಾಧ್ಯಾಪಕರು ಹೊರಡುವಷ್ಟರಲ್ಲಿ ಅದರಲ್ಲಿ ಒಂದನ್ನಾದರೂ ಕೇಳಿಬಿಡುತ್ತಿದ್ದೆ. ಅಲ್ಲಿನ ಪ್ರಾಧ್ಯಾಪಕರಲ್ಲಿ ಹೆಚ್ಚಿನವರು ನಾಗರಿಕರು. ಕೇಳುವವರಿಗೆ ಅವರು ಬೇಸರಿಸದೆ ಹೇಳಿಕೊಡುತ್ತಾರೆ. ಇದನ್ನು ಬಳಸಿಕೊಳ್ಳುವ ಕೆಡೆಟ್‌ಗಳು, ಅಂದರೆ ತರಬೇತಿಯಲ್ಲಿರುವ ಹುಡುಗರು, ಕಡಿಮೆ ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ರಾತ್ರಿಯ ಓದಿನ ಅವಧಿಯಲ್ಲಿ ಹೊಸದೇನನ್ನೂ ಮುಟ್ಟುತ್ತಿರಲಿಲ್ಲ. ಅಂದಿನ ಪಾಠದ ಲೆಕ್ಕಗಳಲ್ಲಿ ಎರಡನ್ನು ಪುಸ್ತಕ ಮುಚ್ಚಿ ಮಾಡುತ್ತಿದ್ದೆ, ಅಷ್ಟೇ. ಬಿಟ್ಟರೆ ಮಾರನೆಯ ದಿನದ್ದು ಅದರ ಮೇಲೆ ಕೂರುತ್ತದೆ, ವಾರದಲ್ಲಿ ಬೆಟ್ಟವಾಗುತ್ತದೆ. ಭಾನುವಾರದ ಬಿಡುವಿನಲ್ಲಿ ವಾರದ ಖಾಲಿ ಜಾಗಗಳನ್ನು ತುಂಬುತ್ತಿದ್ದೆ.

ಕೆಡೆಟ್‌ಗಳು ಒಟ್ಟಿಗೆ ವಾಸಿಸುವ ತಂಡಕ್ಕೆ ಅಲ್ಲಿ ಸ್ಕ್ವಾಡ್ರನ್ ಎನ್ನುತ್ತಾರೆ. ನನ್ನ ಸ್ಕ್ವಾಡ್ರನ್ನಿನಲ್ಲಿ ಸೈನಿಕ ಶಾಲೆಯಿಂದ ಬಂದ ಗೆಳೆಯನೊಬ್ಬನಿದ್ದ. ಡ್ರಿಲ್, ಬೂಟು ಪಾಲಿಶ್, ಬೆಲ್ಟು, ಹಾಸಿಗೆ ಮಡಿಸುವುದು ಎಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು. ನಾನು ಗಂಟೆಗಟ್ಟಲೆ ಉಜ್ಜಿದರೂ ಬರದ ಹೊಳಪು ಅವನ ಬೂಟಿಗೆ ಕಾಲು ಗಂಟೆಯಲ್ಲಿ ಬರುತ್ತಿತ್ತು. ಅವನಿಗೆ ಗಣಿತ ಕಷ್ಟ. ನಾನು ಲೆಕ್ಕ ಹೇಳಿಕೊಟ್ಟೆ. ಅವನು ಪಾಲಿಶನ್ನು ತೆಳ್ಳಗೆ ಹಚ್ಚಿ, ಒದ್ದೆ ಹತ್ತಿಯಿಂದ ಸಣ್ಣ ಸುತ್ತುಗಳಲ್ಲಿ ಉಜ್ಜುವುದನ್ನು ಕಲಿಸಿದ. ಉಳಿದ ಸಮಯ ನೇರವಾಗಿ ನಿದ್ದೆಗೆ ಹೋಯಿತು, ಆ ನಿದ್ದೆ ಮರುದಿನ ತರಗತಿಯಲ್ಲಿ ಎಚ್ಚರವಾಗಿ ಮರಳಿತು. ನನ್ನ ಗ್ರೇಡ್ ಏರಿದ್ದರಲ್ಲಿ ಆ ಬೂಟುಗಳ ಪಾಲು ದೊಡ್ಡದು ಎಂದೇ ನಂಬಿದ್ದೇನೆ.

ಶಾಲೆಯಲ್ಲಿ ಮೇಲೇರಿದಷ್ಟು ಇಲ್ಲಿ ಏರಲಿಲ್ಲ, ಆದರೆ ಪ್ರತಿ ಟರ್ಮಿನಲ್ಲೂ ಗಟ್ಟಿಯಾಗಿ ಮುಂದೆ ಬಂದೆ. ವಿದೇಶಿ ಭಾಷೆಗಳಲ್ಲಿ ಅರಬ್ಬಿ, ಚೀನಿ, ಫ್ರೆಂಚ್, ರಷ್ಯನ್ ಇರುತ್ತವೆ. ನನಗೆ ಬಂದ ರಷ್ಯನ್ ಎಲ್ಲರಿಗೂ ಹೊಸದು, ಅಲ್ಲಿ ಕನ್ನಡ ಮಾಧ್ಯಮದವನೂ ಇಂಗ್ಲಿಷ್ ಶಾಲೆಯವನೂ ಒಂದೇ ಗೆರೆಯಲ್ಲಿ ನಿಲ್ಲಬೇಕಿತ್ತು. ಅದರಲ್ಲಿ ಬಂದ ಗ್ರೇಡ್ ನನಗೆ ಬಹಳ ಧೈರ್ಯ ಕೊಟ್ಟಿತು. ಕೊನೆಯ ವರ್ಷದ ಹೊತ್ತಿಗೆ ಒಟ್ಟಾರೆ ಕ್ರಮಾಂಕದಲ್ಲಿ ಓದಿನ ಜೊತೆ ಡ್ರಿಲ್, ದೈಹಿಕ ಕ್ಷಮತೆ, ಸೇನಾ ತರಬೇತಿ, ನಡತೆ ಎಲ್ಲವೂ ತೂಗುತ್ತವೆ ಎಂಬುದು ಒಗ್ಗಿಹೋಗಿತ್ತು. ಓದಿನಲ್ಲಿ ನನಗಿಂತ ಹಿಂದಿದ್ದ ಎಷ್ಟೋ ಜನ ಅದರಲ್ಲಿ ನನಗಿಂತ ಮುಂದಿದ್ದರು, ಅದು ನ್ಯಾಯವೂ ಆಗಿತ್ತು.

2022ರಿಂದ ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶವಿದೆ. ಹಾಗಾಗಿ ಈಗ ನಮ್ಮ ಮನೆಗೆ ಸಕಲೇಶಪುರ, ಚನ್ನರಾಯಪಟ್ಟಣದ ಕಡೆಯಿಂದ ಹುಡುಗಿಯರೂ ಬರುತ್ತಾರೆ. ಎಲ್ಲರಿಗೂ ಕೆಲಸ ಒಂದೇ ರೀತಿ ಹಚ್ಚುತ್ತೇನೆ. ಪಿಯುಸಿ ಮುಗಿದು ಅಕಾಡೆಮಿ ಸೇರುವ ನಡುವಿನ ತಿಂಗಳುಗಳಲ್ಲಿ ಈಜು ಕಲಿಯಿರಿ, ಇಲ್ಲವಾದರೆ ಅಲ್ಲಿ ಓದುವ ಹೊತ್ತು ಈಜುಕೊಳದ ಹೆಚ್ಚುವರಿ ಅಭ್ಯಾಸಕ್ಕೆ ಹೋಗುತ್ತದೆ. ಬೆಳಿಗ್ಗೆ ಓಡಿ ಬಂದು, ಸ್ನಾನ ಮಾಡಿ, ಕೂಡಲೇ ಗಣಿತಕ್ಕೆ ಕುಳಿತುಕೊಳ್ಳಿ. ದಣಿದ ಮೈಯಲ್ಲಿ ತಲೆ ಓಡಿಸುವುದು ಅಭ್ಯಾಸದಿಂದಲೇ ಬರಬೇಕು. ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯವನ್ನು ದಿನವೂ ಗಟ್ಟಿಯಾಗಿ ಓದಿ, ಅದರ ಸಾರವನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಿ. ತಂದೆತಾಯಿಗೆ ನನ್ನ ಕೋರಿಕೆ ಬೇರೆ. ಮೊದಲ ರಜೆಗೆ ಮಗು ಮನೆಗೆ ಬಂದಾಗ ಎರಡು ದಿನ ಮಲಗಲು ಬಿಡಿ. ಫಲಿತಾಂಶದ ಮಾತು ಮೂರನೆಯ ದಿನ ಎತ್ತಿದರೂ ಆದೀತು.