ತೊಂಬತ್ತಕ್ಕೆ ಬರುವ ನಡುಕ

ನನ್ನದು ದಾವಣಗೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಗಿರಾಕಿಗಳು ಚಿತ್ರದುರ್ಗದ ಕಡೆಯೂ ಇದ್ದಾರೆ. ವಾರಕ್ಕೆ ಎರಡು ಸಲವಾದರೂ ಹೈವೇ ಹಿಡಿಯಬೇಕು. ಹೋಗಿ ಬಂದರೆ ಸುಮಾರು 120 ಕಿ.ಮೀ. ಗಾಡಿ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಸ್ಟೇರಿಂಗ್ ನಡುಗೋಕೆ ಶುರುವಾಯಿತು. ಊರೊಳಗೆ, ಪಿ.ಬಿ. ರಸ್ತೆಯಲ್ಲಿ ಏನೂ ಇಲ್ಲ. ಆನಗೋಡು ದಾಟಿ ವೇಗ 80 ಕಿ.ಮೀ. ಮುಟ್ಟಿದರೆ ಅಂಗೈಗೆ ಸಣ್ಣಗೆ ಜುಮುಜುಮು. 90ಕ್ಕೆ ಸ್ಟೇರಿಂಗ್ ಕಣ್ಣಿಗೇ ಕಾಣುವ ಹಾಗೆ ಅದುರುತ್ತಿತ್ತು. ಬಾಗಿಲ ಬದಿಯ ಬಾಟಲಿಯ ನೀರು ಬಳೆಬಳೆಯಾಗಿ ಏಳುತ್ತಿತ್ತು. ತಮಾಷೆ ಅಂದರೆ, 100 ತಲುಪುವಷ್ಟರಲ್ಲಿ ಮತ್ತೆ ಕಡಿಮೆ.

ಮೊದಲು ನೋಡಿದ್ದು ಮಣ್ಣು. ನಗಬೇಡಿ. ಹಿಂದಿನ ವರ್ಷ ಇದೇ ತೊಂದರೆ ಬಂದಿತ್ತು. ಭರಮಸಾಗರದ ಕಡೆ ಒಬ್ಬರ ಹೊಲಕ್ಕೆ ಮೋಟಾರ್ ಕೊಡೋಕೆ ಹೋಗಿದ್ದೆ. ರಿಮ್ಮಿನ ಒಳಮೈಗೆ ಎರೆಮಣ್ಣು ಮೆತ್ತಿಕೊಂಡು, ಎರಡು ದಿನದ ಬಿಸಿಲಿಗೆ ಸಿಮೆಂಟಿನಂತೆ ಒಣಗಿತ್ತು. ಕಬ್ಬಿಣದ ಪಟ್ಟಿಯಿಂದ ಕೆರೆದು ತೆಗೆದೆ, ನಡುಕ ಹೋಯಿತು. ಅದಕ್ಕೇ ಈ ಸಲವೂ ಜಾಕ್ ಕೊಟ್ಟು ನಾಲ್ಕೂ ರಿಮ್ಮಿನ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಮಣ್ಣಿರಲಿಲ್ಲ.

ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ. ವೀಲ್ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತಲೂ ಭಾರ ಸಮ ಮಾಡಿಸೋದು. ಮಷಿನ್ ಎಲ್ಲ ಚಕ್ರಕ್ಕೂ ಸೊನ್ನೆ ತೋರಿಸಿತು, ದುಡ್ಡು ಕೊಟ್ಟೆ, ಬಂದೆ. ನಡುಕ ಹಾಗೇ ಇತ್ತು. ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿದೆ. ಮತ್ತೂ ಹಾಗೇ. ಆಗ ಅಲ್ಲಿನ ಹುಡುಗ ಗಾಡಿ ಕೆಳಗೆ ಬಗ್ಗಿ, "ಅಣ್ಣಾ, ಲೋಯರ್ ಆರ್ಮ್, ಬುಷ್, ಲಿಂಕ್ ಎಲ್ಲಾ ಚೇಂಜ್ ಮಾಡ್ಬಿಡಿ, ಹದಿನಾಲ್ಕು ಸಾವಿರದೊಳಗೆ ಮುಗ್ಸಿ ಕೊಡ್ತೀನಿ" ಅಂದ. ಚಕ್ರವನ್ನು ಗಾಡಿಗೆ ಹಿಡಿದಿಡುವ ಭಾಗಗಳು ಅವು. ಯಾವುದು ಸಡಿಲ ಆಗಿದೆ, ತೋರಿಸು ಅಂದೆ. ತೋರಿಸಲಿಲ್ಲ.

ನನ್ನ ಕಸುಬೇ ತಿರುಗುವ ವಸ್ತುಗಳದ್ದು. ಮೋಟಾರ್ ಅದುರಿದರೆ ನಾವು ಸುಮ್ನೆ ಬೇರಿಂಗ್ ಬದಲಿಸೋದಿಲ್ಲ. ಎಷ್ಟು ಸುತ್ತಿಗೆ ಅದುರುತ್ತೆ, ಲೋಡ್ ಹಾಕಿದರೆ ಏನಾಗುತ್ತೆ, ಕರೆಂಟ್ ತೆಗೆದ ಕೂಡಲೇ ನಿಲ್ಲುತ್ತಾ, ಇದನ್ನೆಲ್ಲ ನೋಡುತ್ತೇವೆ. ಕಾರಿಗೂ ಇದನ್ನೇ ಯಾಕೆ ಕೇಳಬಾರದು ಅನ್ನಿಸಿತು.

ಒಂದು ಭಾನುವಾರ ಬೆಳಿಗ್ಗೆ ಆರಕ್ಕೇ ಮಗನನ್ನು ಎಬ್ಬಿಸಿ ಹೊರಟೆ. ರಸ್ತೆ ಖಾಲಿ ಇರುತ್ತದೆ. ಹೆಬ್ಬಾಳು ಟೋಲ್ ದಾಟಿದ ಮೇಲೆ ಹಿಂದೆ ಮುಂದೆ ಯಾರೂ ಇಲ್ಲದ್ದು ನೋಡಿಕೊಂಡು, 90ರಲ್ಲಿ ನಾಲ್ಕೈದು ಸೆಕೆಂಡ್ ನ್ಯೂಟ್ರಲ್‌ಗೆ ಹಾಕಿದೆ. ಎಂಜಿನ್ ಆಫ್ ಮಾಡಬೇಡಿ ಮತ್ತೆ, ಸ್ಟೇರಿಂಗ್ ಬಿಗಿಯಾಗುತ್ತದೆ, ಬ್ರೇಕೂ ಗಟ್ಟಿಯಾಗುತ್ತದೆ. ಎಂಜಿನ್ ಸುತ್ತು ಕೆಳಗಿಳಿಯಿತು, ನಡುಕ ಕದಲಲಿಲ್ಲ. ಅಂದರೆ ಎಂಜಿನ್, ಕ್ಲಚ್, ಎಂಜಿನ್ ಮೌಂಟಿಂಗ್ ಲೆಕ್ಕದಿಂದ ಹೊರಗೆ. ಆಕ್ಸಿಲರೇಟರ್ ಒತ್ತಿದೆ, ಬಿಟ್ಟೆ. ಎಂಜಿನ್ ಬಲವನ್ನು ಚಕ್ರಕ್ಕೆ ಒಯ್ಯುವ ಆಕ್ಸಲ್ಲಿನ ಒಳಗಿನ ಜಾಯಿಂಟ್ ಸವೆದಿದ್ದರೆ ಒತ್ತಿದಾಗ ಜಾಸ್ತಿ ಆಗಬೇಕಿತ್ತು. ಆಗಲಿಲ್ಲ. ಹಗುರಾಗಿ ಬ್ರೇಕ್ ಹಿಡಿದೆ. ಬ್ರೇಕ್ ಡಿಸ್ಕ್ ಓರೆಯಾಗಿದ್ದರೆ ಬ್ರೇಕಿನಲ್ಲೇ ಸ್ಟೇರಿಂಗ್ ಕುಣಿಯಬೇಕು, ಪೆಡಲ್ ಪಾದಕ್ಕೆ ಒದೆಯಬೇಕು. ಅದೂ ಇಲ್ಲ.

ಮಗ ಡಿಪ್ಲೊಮಾ ಓದುತ್ತಿದ್ದಾನೆ. ಫೋನಿನಲ್ಲಿ ಅದುರುವಿಕೆ ಅಳೆಯುವ ಆಪ್ ಹಾಕಿಕೊಂಡು, ಫೋನನ್ನು ಡ್ಯಾಶ್‌ಬೋರ್ಡಿಗೆ ಒತ್ತಿ ಹಿಡಿದಿದ್ದ. "ಅಪ್ಪಾ, ಸೆಕೆಂಡಿಗೆ ಹದಿಮೂರು ತೋರಿಸ್ತಾ ಇದೆ" ಅಂದ. ಸಿರಿಗೆರೆ ಕ್ರಾಸಿನಲ್ಲಿ ಚಹಾ ಕುಡಿಯುತ್ತಾ ಟೋಲ್ ಚೀಟಿಯ ಹಿಂದೆ ಲೆಕ್ಕ ಹಾಕಿದೆವು. ನಮ್ಮ ಟೈರ್ 185/65 ಆರ್15. ರಿಮ್ 15 ಇಂಚು, ಅಂದರೆ 381 ಮಿ.ಮೀ., ಮೇಲೂ ಕೆಳಗೂ ತಲಾ 185ರ ಶೇ. 65, ಅಂದರೆ 120 ಮಿ.ಮೀ. ರಬ್ಬರ್. ಒಂದು ಸುತ್ತಿಗೆ ಸುಮಾರು 1.95 ಮೀಟರ್. ಗಂಟೆಗೆ 90 ಕಿ.ಮೀ. ಅಂದರೆ ಸೆಕೆಂಡಿಗೆ 25 ಮೀಟರ್. ಭಾಗಿಸಿದರೆ 12.8. ಎಂಜಿನ್ ಆಗ ನಿಮಿಷಕ್ಕೆ 2,200 ಸುತ್ತಿನ ಹತ್ತಿರ, ಅಂದರೆ ಸೆಕೆಂಡಿಗೆ 37 ಸುತ್ತು. ಹದಿಮೂರಕ್ಕೆ ತಾಳೆಯಾಗೋದು ಚಕ್ರ ಒಂದೇ. ಚಕ್ರದ ಜೊತೆ ತಿರುಗುವ ಹಬ್ (ಚಕ್ರ ಬಿಗಿದು ಕೂರಿಸುವ ಜಾಗ), ಡಿಸ್ಕ್, ಆಕ್ಸಲ್ ಕೂಡ ಅನ್ನಿ. ಆದರೆ ಡಿಸ್ಕ್, ಆಕ್ಸಲ್ ಆಗಲೇ ಪಾಸಾಗಿದ್ದವು.

90ಕ್ಕೇ ಯಾಕೆ, 100ಕ್ಕೆ ಯಾಕಿಲ್ಲ? ಬೆಂಚ್ ಗ್ರೈಂಡರ್ ಇಟ್ಟುಕೊಂಡವರಿಗೆ ಇದು ಗೊತ್ತು. ಸ್ವಿಚ್ ಆಫ್ ಮಾಡಿದ ಮೇಲೆ ಕಲ್ಲು ನಿಧಾನವಾಗುತ್ತಾ ಬರುವಾಗ ಒಂದು ಹಂತದಲ್ಲಿ ಇಡೀ ಸ್ಟ್ಯಾಂಡ್ ಗಡಗಡ ಅನ್ನುತ್ತದೆ, ಮತ್ತೆ ತಣ್ಣಗಾಗುತ್ತದೆ. ಸ್ಟ್ಯಾಂಡಿಗೆ ತನ್ನದೇ ಒಂದು ಲಯ ಇರುತ್ತದೆ, ಅದು ಕೂಡಿದಾಗ ಕುಣಿತ. ಕಾರಿನಲ್ಲಿ ಚಕ್ರ, ಹಬ್ ಸೇರಿದ ಭಾರ ಸ್ಪ್ರಿಂಗ್ ಮತ್ತು ಟೈರಿನ ನಡುವೆ ಸೆಕೆಂಡಿಗೆ 10ರಿಂದ 15 ಸಲ ಜಿಗಿಯುವ ಲಯದ್ದು. ನಮ್ಮ ಗಾಡಿಯ ಲಯ 90ರ ಚಕ್ರದ ಸುತ್ತಿಗೆ ಕೂಡುತ್ತದೆ, 100ಕ್ಕೆ ಸುತ್ತು ಅದನ್ನು ದಾಟಿರುತ್ತದೆ. ಜೋರಾಗಿ ಹೋದರೆ ನಡುಕ ಕಡಿಮೆ ಆಗುತ್ತೆ ಅಂತ ಓಡಿಸೋರೂ ಇದ್ದಾರೆ. ನಡುಕ ಕೈಗೆ ಸಿಗೋದಿಲ್ಲ ಅಷ್ಟೇ, ಟೈರಿನ ರೋಗ ಅಲ್ಲೇ ಇರುತ್ತದೆ.

ಮಧ್ಯಾಹ್ನ ಅಂಗಡಿ ಮುಂದೆ ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿದೆವು. ಖರ್ಚಿಲ್ಲದ ಈ ಪರೀಕ್ಷೆಯಷ್ಟು ಹೇಳಿಕೊಟ್ಟದ್ದು ಬೇರೆ ಯಾವುದೂ ಇಲ್ಲ. ಮತ್ತೆ ಹೈವೇಗೆ ಹೋದರೆ ಸ್ಟೇರಿಂಗ್ ಬಹುಪಾಲು ಸುಮ್ಮನಾಗಿತ್ತು, ನಡುಕ ಸೀಟಿನ ಕೆಳಗೆ ಬಂದಿತ್ತು. ಬುಷ್ಷೂ ಆರ್ಮೂ ಇದ್ದ ಜಾಗದಲ್ಲೇ ಇವೆ, ನಡುಕ ಮಾತ್ರ ಚಕ್ರದ ಜೊತೆ ಹಿಂದಕ್ಕೆ ಹೋಗಿದೆ. ಹದಿನಾಲ್ಕು ಸಾವಿರ ಉಳಿಯಿತು ಅಂತ ಅಲ್ಲೇ ಅಂದುಕೊಂಡೆ. ಸ್ಟೆಪ್ನಿ ಅದೇ ಅಳತೆಯದ್ದು ಇತ್ತು. ಹಿಂದಿನ ಎಡಕ್ಕೆ ಅದನ್ನು ಹಾಕಿದಾಗ ಸೀಟೂ ತಣ್ಣಗಾಯಿತು. ಕಳ್ಳ ಸಿಕ್ಕಿದ್ದ.

ಆದರೆ ಮಷಿನ್ ಸೊನ್ನೆ ತೋರಿಸಿತ್ತಲ್ವಾ? ಅದು ನನ್ನನ್ನು ಕೊರೆಯುತ್ತಿತ್ತು. ಪಕ್ಕದ ಲೇತ್ ಅಂಗಡಿಯಿಂದ ಡಯಲ್ ಗೇಜ್ ತಂದೆ, ಸಣ್ಣ ಉಬ್ಬುತಗ್ಗನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆಗೋಲು. ಮುಂದಿನ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗಾಡಿ ಎತ್ತಿ, ಜಾಕ್ ನಂಬದೆ ಕೆಳಗೆ ಮರದ ದಿಮ್ಮಿ ಇಟ್ಟೆ. ಆ ಕಳ್ಳ ಚಕ್ರವನ್ನು ಮತ್ತೆ ಹಿಂದಿನ ಎಡಕ್ಕೇ ಹಾಕಿ ಕೈಯಿಂದ ತಿರುಗಿಸಿದೆ. ಟೈರ್ ಮೇಲೆ ನೇರವಾಗಿ ಗೇಜ್ ಇಟ್ಟರೆ ಮುಳ್ಳು ಪ್ರತಿ ಗೀರಿಗೂ ಬಿದ್ದು ಎದ್ದು ಹುಚ್ಚಾಗುತ್ತದೆ. ನಮ್ಮ ಹತ್ತಿರ ಇನ್ಸುಲೇಷನ್ ಟೇಪಿಗೆ ಬರವೇ? ಟೈರಿನ ನಡುವೆ ಸುತ್ತಲೂ ಎರಡು ಸುತ್ತು ಬಿಗಿಯಾಗಿ ಟೇಪ್ ಎಳೆದೆ, ಅದರ ಮೇಲೆ ಗೇಜ್ ಕೂರಿಸಿದೆ. ರಿಮ್ ಅಂಚಿನ ಏರಿಳಿತ ಅರ್ಧ ಮಿ.ಮೀ. ಒಳಗೇ ಇತ್ತು, ಒಳ್ಳೆಯದೇ. ಟೈರ್ ಮಾತ್ರ ಒಂದು ಕಡೆ 2.8 ಮಿ.ಮೀ. ಉಬ್ಬಿತ್ತು. ಒಂದು, ಒಂದೂವರೆ ಇದ್ದರೆ ನಡೆಯುತ್ತದೆ, ಇದು ನಡೆಯೋದಲ್ಲ. ಉಬ್ಬಿದ ಕಡೆ ಬಗ್ಗಿ ನೋಡಿದರೆ ನೇರವಾಗಿರಬೇಕಾದ ಗೀರು ಅಲ್ಲಿ ಸ್ವಲ್ಪ ಸೊಟ್ಟಗೆ ಹರಿದಿತ್ತು. ಒಳಗಿನ ಸ್ಟೀಲ್ ಬೆಲ್ಟ್ ರಬ್ಬರಿನಿಂದ ಬಿಡೋಕೆ ಶುರುವಾಗಿದೆ ಅಂತ ಅರ್ಥ. ಮಳೆಗಾಲದಲ್ಲಿ ಸರ್ವಿಸ್ ರಸ್ತೆಯ ನೀರು ತುಂಬಿದ ಗುಂಡಿಯೊಂದಕ್ಕೆ ಎಡಗಡೆ ದಡ್ ಅಂತ ಇಳಿಸಿದ್ದೆ. ಅದೇ ಇರಬೇಕು.

ಬ್ಯಾಲೆನ್ಸಿಂಗ್ ಮಷಿನ್ ಸುಳ್ಳು ಹೇಳಿರಲಿಲ್ಲ. ಅದು ಚಕ್ರವನ್ನು ಗಾಳಿಯಲ್ಲಿ ತಿರುಗಿಸುತ್ತದೆ. ಯಾವ ಕಡೆ ಭಾರ ಕಡಿಮೆ ಅಂತ ಹೇಳುತ್ತದೆ, ನಾವು ಅಲ್ಲಿ ತೂಕ ಅಂಟಿಸುತ್ತೇವೆ. ಮೊಟ್ಟೆಯಾಕಾರದ ಟೈರಿಗೂ ಹಾಗೆ ಸೊನ್ನೆ ಬರಿಸಬಹುದು. ಆದರೆ ರಸ್ತೆ ಮೇಲೆ ಗಾಡಿಯ ಭಾರ ಹೊತ್ತು ಉರುಳುವಾಗ ಆ ಉಬ್ಬು ಸುತ್ತಿಗೊಂದು ಸಲ ಒದ್ದೇ ಒದೆಯುತ್ತದೆ. ಹಾಗಂತ ಬ್ಯಾಲೆನ್ಸಿಂಗ್ ಬೇಡ ಅನ್ನೋದಲ್ಲ. ರಿಮ್ ಅಂಚಿನಲ್ಲಿ 30 ಗ್ರಾಂ ವ್ಯತ್ಯಾಸ ಇದ್ದರೂ 90ರಲ್ಲಿ ಅದು ಮೂರೂಮುಕ್ಕಾಲು ಕಿಲೋ ಭಾರದಷ್ಟು ಎಳೆಯುತ್ತದೆ, ಸೆಕೆಂಡಿಗೆ ಹದಿಮೂರು ಸಲ.

ಬೆಲ್ಟ್ ಬಿಟ್ಟ ಟೈರನ್ನು ಇನ್ನೊಂದು ದಿನವೂ ಓಡಿಸಬಾರದು, ಯಾವಾಗ ಸಿಡಿಯುತ್ತದೋ ಹೇಳೋಕಾಗಲ್ಲ. ಎಡಬಲ ಒಂದೇ ಥರ ಇರಲಿ ಅಂತ ಎರಡು ಹೊಸ ಟೈರ್ ತಗೊಂಡೆ. ಹೊಸ ಜೋಡಿ ಹಿಂದಕ್ಕೆ, ಚೆನ್ನಾಗಿದ್ದ ಹಳೆ ಜೋಡಿ ಮುಂದಕ್ಕೆ.

ಮುಗಿಯಿತು ಅಂದುಕೊಂಡರೆ, 90ರಲ್ಲಿ ಸ್ಟೇರಿಂಗ್‌ನಲ್ಲಿ ಇನ್ನೂ ಒಂದಿಷ್ಟು ಬಾಕಿ. ಇದು ಮೊದಲಿಂದಲೂ ಇತ್ತು, ದೊಡ್ಡ ನಡುಕದೊಳಗೆ ಮುಚ್ಚಿಹೋಗಿತ್ತು. ಚಕ್ರ ಯಾವುದು ಹಾಕಿದರೂ ಮುಂದೆಯೇ ಉಳಿಯುತ್ತದೆ. ಹಾಗಾದರೆ ಚಕ್ರ ಕೂರುವ ಜಾಗ ನೋಡಬೇಕು. ಮುಂದಿನ ಎಡ ಚಕ್ರ ಬಿಚ್ಚಿದೆ. ಹಬ್ಬಿನ ಮುಖದ ಮೇಲೆ ತುಕ್ಕಿನ ಹಕ್ಕಳೆ, ಎರಡು ಬೋಲ್ಟಿನ ನಡುವೆ ಒಣಗಿದ ಮಣ್ಣಿನ ತೆಳು ಪದರ. ಕಾಲು ಮಿ.ಮೀ. ಇರಬಹುದು. ಹಬ್ ಅಗಲ ಗೇಣಿಗಿಂತ ಕಡಿಮೆ, ಟೈರ್ ಎರಡಡಿ. ಅಲ್ಲಿನ ಕಾಲು ಮಿ.ಮೀ. ಟೈರಿನ ಅಂಚಿಗೆ ಬರುವಷ್ಟರಲ್ಲಿ ಒಂದು ಮಿ.ಮೀ. ಓರೆಯಾಗುತ್ತದೆ. ಎರಡು ಸಲ ಚಕ್ರ ಬಿಚ್ಚಿ ಹಾಕಿದವರು ಒಮ್ಮೆಯೂ ಬಟ್ಟೆಯಲ್ಲಿ ಒರೆಸಿರಲಿಲ್ಲ. ಬೇರೆಯವರನ್ನೇನು ಅನ್ನೋದು, ನಾನೂ ಒರೆಸಿರಲಿಲ್ಲ.

ತಂತಿ ಬ್ರಷ್ ಹಾಕಿ ಉಜ್ಜಿ, ಎಮರಿ ಪೇಪರಿನಿಂದ ನಯ ಮಾಡಿ, ರಿಮ್ಮಿನ ಒಳಮುಖವನ್ನೂ ಒರೆಸಿ ಕೂರಿಸಿದೆ. ನಟ್ಟುಗಳನ್ನು ಎದುರುಬದುರು ಹಿಡಿದು ಮೂರು ಸುತ್ತಿನಲ್ಲಿ ಬಿಗಿ ಮಾಡಿದೆ. ಒಂದನ್ನೇ ನಟ್ ಬಿಗಿಯುವ ಗನ್‌ನಲ್ಲಿ ಪೂರ್ತಿ ಬಿಗಿದರೆ ಚಕ್ರ ಓರೆಯಾಗೇ ಕೂತುಬಿಡುತ್ತದೆ.

ಮರುದಿನ ಚಿತ್ರದುರ್ಗಕ್ಕೆ ಹೋದೆ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣುವ ತನಕ 90ರಲ್ಲೇ ಓಡಿಸಿದೆ. ಬಾಟಲಿಯ ನೀರು ಅಲ್ಲಾಡುತ್ತಿತ್ತು, ಬಳೆ ಏಳುತ್ತಿರಲಿಲ್ಲ. ಹಳೆ ಟೈರ್ ಅಂಗಡಿಯಲ್ಲೇ ಇದೆ, ಭಾರದ ಮೋಟಾರ್ ಇಳಿಸುವಾಗ ನೆಲಕ್ಕೆ ಪೆಟ್ಟಾಗದ ಹಾಗೆ ಕೆಳಗೆ ಹಾಕಿಕೊಳ್ಳುತ್ತೇವೆ.