ಚಿಮಣಿ ಕೂರಿಸುವ ಮೊದಲು ಗೋಡೆ ನೋಡಿ, ಗಾಳಿ ನೋಡಿ

ಜೋಳದ ರೊಟ್ಟಿಗೆ ದೊಡ್ಡ ಉರಿ ಬೇಕು. ಹಂಚಿನ ಅಂಚಿಗೆ ಉದುರಿದ ಹಿಟ್ಟು ಸೀದು ಹೊಗೆ ಏಳುತ್ತದೆ. ಪಕ್ಕದ ಬರ್ನರ್ ಮೇಲೆ ಹಸಿಮೆಣಸಿನಕಾಯಿ ಹುರಿದರಂತೂ ಹೊರಗಿನ ಕಟ್ಟೆಯ ಮೇಲೆ ಕೂತವರಿಗೂ ಕೆಮ್ಮು. ಕಲಬುರಗಿ ಸೀಮೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಈ ಘಾಟು ಬೆಳಕಿಂಡಿಯಿಂದ ಮೇಲೆ ಹೋಗಿಬಿಡುತ್ತಿತ್ತು. ಈಗಿನ ಸ್ಲ್ಯಾಬ್ ಮನೆಗಳಲ್ಲಿ ಆ ದಾರಿ ಮುಚ್ಚಿದೆ. ಹಾಗಾಗಿ ಚಿಮಣಿ ಬೇಕೇಬೇಕು ಎನ್ನುವ ಮನೆಗಳು ಹೆಚ್ಚಾಗಿವೆ.

ಅಂಗಡಿಯವರು ಪೆಟ್ಟಿಗೆ ತಂದಿಟ್ಟು ಹೋಗುತ್ತಾರೆ. ಕಂಪನಿಯ ಹುಡುಗ ಬಂದು ಗೋಡೆಗೆ ನೇತುಹಾಕಿ, ಬಟನ್ ಒತ್ತಿ ತೋರಿಸಿ ಹೊರಡುತ್ತಾನೆ. ಪೈಪಿಗೆ ಗೋಡೆ ಕೊರೆಸುವುದು, ಪ್ಲಗ್ ಪಾಯಿಂಟ್ ಹಾಕಿಸುವುದು, ಅರ್ತಿಂಗ್ ನೋಡಿಸುವುದು ಬಹಳ ಸಲ ಮನೆಯವರ ಪಾಲಿಗೇ ಉಳಿಯುತ್ತವೆ. ಅಪಾಯ ಅಡಗಿರುವುದೂ ಈ ಕೆಲಸಗಳಲ್ಲೇ. ಆದ್ದರಿಂದ ಪೆಟ್ಟಿಗೆ ಬಿಚ್ಚುವ ಮೊದಲೇ ಇವನ್ನು ಮುಗಿಸಿಕೊಳ್ಳಬೇಕು.

ಯಾವ ಅಳತೆಯದು?

ಎರಡು ಬರ್ನರ್ ಒಲೆಗೆ 60 ಸೆಂ.ಮೀ. ಅಗಲದ ಚಿಮಣಿ, ಮೂರು ಅಥವಾ ನಾಲ್ಕು ಬರ್ನರ್‌ಗೆ 90 ಸೆಂ.ಮೀ. ಚಿಮಣಿ ಒಲೆಗಿಂತ ಕಿರಿದಾಗಿದ್ದರೆ ಅಂಚಿನ ಬರ್ನರಿನ ಹೊಗೆ ಹೊರಗಿನಿಂದಲೇ ಜಾರಿ ಹೋಗುತ್ತದೆ. ನಮ್ಮ ಒಗ್ಗರಣೆ, ಕರಿಯುವ ಅಡುಗೆಗೆ ಸ್ಟೀಲಿನ ಬ್ಯಾಫಲ್ ಫಿಲ್ಟರ್ (ಬಾಗಿದ ಪಟ್ಟಿಗಳ ಫಿಲ್ಟರ್) ಇರುವುದೇ ಒಳ್ಳೆಯದು. ಸಣ್ಣ ಜಾಲರಿಯ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಎಳೆಯುವ ಶಕ್ತಿಯ ವಿಷಯದಲ್ಲಿ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರದ ಅಡುಗೆಮನೆಯಲ್ಲಿ ಇರುವುದು ಸುಮಾರು 23 ಘನ ಮೀಟರ್ ಗಾಳಿ. ಗಂಟೆಗೆ 15 ಸಲ ಅದನ್ನು ಬದಲಿಸಿದರೂ 350 ಘನ ಮೀಟರ್ ದಾಟುವುದಿಲ್ಲ. ಪೈಪಿನ ತಿರುವು, ಕರಿಯುವ ಹೊಗೆ ಎಲ್ಲ ಲೆಕ್ಕ ಹಿಡಿದರೂ ಗಂಟೆಗೆ 800ರಿಂದ 1,000 ಘನ ಮೀಟರ್ ಗಾಳಿ ಎಳೆಯುವ ಯಂತ್ರ ಇಂಥ ಅಡುಗೆಮನೆಗೆ ಧಾರಾಳವಾಯಿತು. ಶಕ್ತಿ ಹೆಚ್ಚಿದಷ್ಟೂ ಸದ್ದು ಹೆಚ್ಚು. ಅದಕ್ಕಿಂತ ದೊಡ್ಡ ತೊಂದರೆಯೊಂದಿದೆ, ಅದನ್ನು ಗೀಸರಿನ ಮಾತು ಬಂದಾಗ ಹೇಳುತ್ತೇನೆ.

ಪೈಪಿನ ದಾರಿ ಮೊದಲು

ಚಿಮಣಿ ಚೆನ್ನಾಗಿ ಎಳೆಯುತ್ತದೋ ಇಲ್ಲವೋ ಎಂಬುದು ಮುಕ್ಕಾಲು ಪಾಲು ಪೈಪಿನ ಮೇಲೆ ನಿಂತಿದೆ. ಒಲೆಯ ಹಿಂದಿನ ಗೋಡೆಯೇ ಹೊರಗೋಡೆಯಾಗಿದ್ದರೆ ನಿಮ್ಮ ಅದೃಷ್ಟ: ಪೈಪ್ ಒಂದೇ ತಿರುವಿನಲ್ಲಿ ಹೊರಬೀಳುತ್ತದೆ. ಉದ್ದ 3 ಮೀಟರಿನೊಳಗೆ, ತಿರುವು ಎರಡರೊಳಗೆ ಇರುವಂತೆ ನೋಡಿಕೊಳ್ಳಿ. 6 ಇಂಚಿನ ಬಾಯಿಗೆ 6 ಇಂಚಿನ ಪೈಪನ್ನೇ ಹಾಕಿಸಿ. ‘4 ಇಂಚಿಂದು ಮನ್ಯಾಗ ಐತಿ, ಅದನ್ನ ಹಾಕಿಬಿಡೋಣ್ರಿ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 4 ಇಂಚಿನ ಪೈಪಿನ ಬಾಯಿಯ ವಿಸ್ತಾರ 6 ಇಂಚಿನದರ ಅರ್ಧವೂ ಇಲ್ಲ. ಮೋಟಾರು ಒದ್ದಾಡುತ್ತದೆ, ಎಣ್ಣೆ ಒಳಗೇ ಕೂರುತ್ತದೆ.

ಪಿವಿಸಿ ಪೈಪ್ ಅಗ್ಗ, ಹಾಕಿಸುವವರೂ ಬಹಳ. ಆದರೆ ಬಾಣಲೆಯ ಬೆಂಕಿ ಮೇಲೆ ಹಾರಿ ಪೈಪಿನೊಳಗಿನ ಜಿಡ್ಡಿಗೆ ಹತ್ತಿಕೊಂಡರೆ ಪಿವಿಸಿ ತಾನೂ ಉರಿದು ವಿಷದ ಹೊಗೆ ಬಿಡುತ್ತದೆ. ಲೋಹದ ಪೈಪಿಗೇ ನನ್ನ ಮತ. ಮಡಚುವ ಅಲ್ಯೂಮಿನಿಯಂ ಪೈಪನ್ನು ಪೂರ್ತಿ ಎಳೆದು ಬಿಗಿ ಮಾಡಿ, ಉಳಿದದ್ದನ್ನು ಕತ್ತರಿಸಿ. ಸಡಿಲ ಬಿಟ್ಟರೆ ಅದರ ನೆರಿಗೆ ನೆರಿಗೆಯಲ್ಲೂ ಎಣ್ಣೆ ನಿಲ್ಲುತ್ತದೆ. ಹೊರಗಿನ ಕಡೆಗೆ ಮೀಟರಿಗೆ ಒಂದು ಇಂಚಿನಷ್ಟು ಇಳಿಜಾರು ಕೊಡಿ, ಮಳೆನೀರಾಗಲಿ ಹನಿಗಟ್ಟಿದ ಹಬೆಯಾಗಲಿ ಮೋಟಾರಿನ ಮೇಲೆ ಬೀಳುವುದಿಲ್ಲ. ಜೋಡಣೆಗೆ ಕ್ಲಿಪ್ ಹಾಕಿ, ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿ. ವೈರಿಗೆ ಸುತ್ತುವ ಟೇಪ್ ಬಿಸಿಗೆ ಬಿಟ್ಟುಕೊಳ್ಳುತ್ತದೆ.

ಪೈಪಿನ ಬಾಯಿ ಬಯಲಿಗೇ ತೆರೆಯಬೇಕು. ಅಟ್ಟದೊಳಗೆ, ಫಾಲ್ಸ್ ಸೀಲಿಂಗ್ ಮೇಲೆ, ಪಕ್ಕದವರ ಕಿಟಕಿಗೆ ಎದುರಾಗಿ ಬಿಡಬೇಡಿ. ಮುಂಗಾರಿನ ಗಾಳಿ ನಮ್ಮಲ್ಲಿ ಪಶ್ಚಿಮ, ನೈಋತ್ಯದ ಕಡೆಯಿಂದ ಬೀಸುತ್ತದೆ. ಆ ಗೋಡೆಯನ್ನು ತಪ್ಪಿಸಲಾಗದಿದ್ದರೆ ಪೈಪಿನ ಬಾಯಿಗೆ ಮುಚ್ಚಳ ಇರುವ ಕೌಲ್ (ಟೋಪಿ) ಹಾಕಿಸಿ. ಪಾರಿವಾಳ ಗೂಡು ಕಟ್ಟದಂತೆ ದಪ್ಪ ಕಣ್ಣಿನ ಜಾಲರಿ ಸಾಕು. ಸೊಳ್ಳೆಯ ಜಾಲರಿ ಹಾಕಿದರೆ ಎಣ್ಣೆ ಹತ್ತಿ ಬಾಯಿಯೇ ಮುಚ್ಚಿಹೋಗುತ್ತದೆ.

ಗೋಡೆ ಯಾವುದು ಎಂದು ತಿಳಿದು ಕೊರೆಯಿರಿ

ಇಟ್ಟಿಗೆ ಗೋಡೆ, ಸಿಮೆಂಟ್ ಬ್ಲಾಕ್ ಗೋಡೆಗಳಿಗೆ ಬಾಡಿಗೆಯ ಕೋರ್ ಕಟಿಂಗ್ ಯಂತ್ರ ತರಿಸಿದರೆ ದುಂಡಗೆ, ಅಚ್ಚುಕಟ್ಟಾಗಿ ತೂತಾಗುತ್ತದೆ. ನಮ್ಮ ಭಾಗದ ಹಳೆಯ ಮನೆಗಳ ಮಾತು ಬೇರೆ. ಶಹಾಬಾದ್, ಸೇಡಂ, ಚಿತ್ತಾಪುರದ ಕಡೆ ಒಂದೂವರೆ, ಎರಡು ಅಡಿ ದಪ್ಪದ ಕಲ್ಲಿನ ಗೋಡೆಗಳಿವೆ. ಎಷ್ಟೋ ಗೋಡೆಗಳಲ್ಲಿ ಕಲ್ಲುಗಳ ನಡುವೆ ಇರುವುದು ಬರೀ ಮಣ್ಣು. ಅಂಥ ಗೋಡೆಗೆ ಉಳಿ, ಸುತ್ತಿಗೆ ಹಾಕಿ ಬಡಿದರೆ ಒಂದು ಕಲ್ಲಿನ ಜೊತೆ ನಾಲ್ಕು ಕಲ್ಲು ಸಡಿಲವಾಗುತ್ತವೆ. ಅನುಭವದ ಗೌಂಡಿಗೆ ತೋರಿಸದೆ ಮುಟ್ಟಬೇಡಿ. ಇನ್ನೊಂದು ಸುಲಭದ ದಾರಿಯಿದೆ: ಕಿಟಕಿಯ ಮೇಲಿನ ಒಂದು ಗಾಜು ತೆಗೆಸಿ, ಆ ಜಾಗಕ್ಕೆ ತಗಡು ಕೂರಿಸಿ, ತಗಡಿನಲ್ಲಿ ಪೈಪಿಗೆ ತೂತು ಮಾಡಿಸುವುದು. ಗೋಡೆಯೂ ಉಳಿಯಿತು, ಖರ್ಚೂ ಉಳಿಯಿತು.

ಫರ್ಸಿ ಕಲ್ಲು ಹಾಸಿದ ಮಾಳಿಗೆಗೆ ಮೇಲ್ಮುಖವಾಗಿ ತೂತು ಮಾಡಿಸಿದರೆ ಮಳೆಗಾಲದಲ್ಲಿ ಸೋರಿಕೆ ಖಚಿತ. ಕಾಂಕ್ರೀಟಿನ ಕಂಬ, ತೊಲೆ, ಕಿಟಕಿಯ ಮೇಲಿನ ಲಿಂಟಲ್ ಇವುಗಳಿಗೆ ಯಾವ ಕಾರಣಕ್ಕೂ ಕೋರ್ ಹಾಕಿಸಬಾರದು. ಬೀದರದ ಮನೆಗಳಲ್ಲಿರುವ ಕೆಂಪು ಜಂಬಿಟ್ಟಿಗೆ ಮೆದುವಾದದ್ದು. ಅದರಲ್ಲಿ ಸಣ್ಣ ಮೊಳೆ, ಗಿಡ್ಡ ಪ್ಲಗ್ ನಿಲ್ಲುವುದಿಲ್ಲ, ಉದ್ದನೆಯ ಫಾಸ್ನರ್ (ಗೋಡೆಯೊಳಗೆ ಹಿಡಿದುಕೊಳ್ಳುವ ಬೋಲ್ಟ್) ಬೇಕು.

ನೇತುಹಾಕುವ ದಿನ

ಮೊದಲು ರೆಗ್ಯುಲೇಟರ್ ಬಂದ್ ಮಾಡಿ, ಸಿಲಿಂಡರನ್ನು ಬಿಚ್ಚಿ ಅಡುಗೆಮನೆಯಿಂದಲೇ ಆಚೆ ಇಡಿ. ಹೇಗೂ ಬಿಚ್ಚಿದ್ದೀರಿ, ಗ್ಯಾಸಿನ ಪೈಪಿನ ಮೇಲೆ ಮುದ್ರಿಸಿದ ಇಸವಿಯನ್ನೂ ನೋಡಿ, ಐದು ವರ್ಷ ದಾಟಿದ್ದರೆ ಬದಲಿಸಿ. ಆಮೇಲೆ ಅಡುಗೆಮನೆಯ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ. ಡ್ರಿಲ್ಲಿಗೆ ಬೇರೆ ಕೋಣೆಯಿಂದ ಕರೆಂಟ್ ತನ್ನಿ. ಗೋಡೆಯೊಳಗಿನ ವೈರು ಸಾಮಾನ್ಯವಾಗಿ ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೋ ಅಡ್ಡಕ್ಕೋ ಹೋಗಿರುತ್ತದೆ, ನೀರಿನ ಪೈಪ್ ನಲ್ಲಿಯಿಂದ ಮೇಲಕ್ಕೆ. ಆ ಗೆರೆಗಳ ಮೇಲೆ ಕೊರೆಯುವುದು ಬೇಡ.

ಎತ್ತರ ಗುರುತು ಹಾಕುವಾಗ ಮನೆಯಲ್ಲಿ ಅಡುಗೆ ಮಾಡುವವರನ್ನೇ ಒಲೆಯ ಮುಂದೆ ನಿಲ್ಲಿಸಿ. ಗ್ಯಾಸ್ ಒಲೆಯ ಮೇಲ್ಭಾಗದಿಂದ ಚಿಮಣಿಯ ಕೆಳಗಿನ ಅಂಚಿಗೆ 65ರಿಂದ 75 ಸೆಂ.ಮೀ. ಇರಬೇಕು. ಜೊತೆಗೆ ಕೊಟ್ಟ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಕೊನೆಯ ಮಾತು. 65ಕ್ಕಿಂತ ಕೆಳಗೆ ಬಂದರೆ ಫಿಲ್ಟರಿನ ಜಿಡ್ಡಿಗೆ ಉರಿ ತಗಲುವ ಭಯ, ಹಣೆಗೂ ಪೆಟ್ಟು. ತೀರಾ ಮೇಲಾದರೆ ಹೊಗೆ ಪಕ್ಕಕ್ಕೆ ಹರಡುತ್ತದೆ. ‘ಅಕ್ಕೋರೆ, ಇಲ್ಲೆ ಹೊಡೀಲೇನ್ರಿ?’ ಎಂದು ಹುಡುಗ ಕೇಳಿದಾಗ ಟೇಪ್ ಹಿಡಿದು ಒಲೆಯ ಮೇಲಿಂದ ಇನ್ನೊಮ್ಮೆ ಅಳೆಯಿರಿ. ಅಳತೆ ಒಲೆಯಿಂದ, ಕಟ್ಟೆಯಿಂದ ಅಲ್ಲ. ಈ ಗೊಂದಲದಲ್ಲಿ ನಾಲ್ಕೈದು ಇಂಚು ಹೋಗಿಬಿಡುತ್ತದೆ.

ಟೈಲ್ಸ್ ಮೇಲೆ ಗುರುತಿನ ಜಾಗಕ್ಕೆ ಕಾಗದದ ಟೇಪ್ ಅಂಟಿಸಿ, ಬಿಟ್ ಜಾರುವುದಿಲ್ಲ. ಟೈಲ್ಸ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ (ಬಡಿತ) ಬಂದ್ ಇರಲಿ, ಇಲ್ಲವಾದರೆ ಒಡೆಯುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ, ಕಲ್ಲಿನ ದೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ರಸಮಟ್ಟ ಇಟ್ಟು ಬ್ರಾಕೆಟ್ ಬಿಗಿಯಿರಿ. ಬ್ರಾಕೆಟ್ಟಿಗೆ ಕೈಯಿಂದ ಜೋತುಬಿದ್ದು ಎಳೆದು ನೋಡಿ, ಸ್ವಲ್ಪ ಅಲುಗಾಡಿದರೂ ಆ ತೂತು ಬಿಟ್ಟು ಬೇರೆ ಕಡೆ ಕೊರೆಯಿರಿ. 10ರಿಂದ 20 ಕಿಲೋ ತೂಕದ ಯಂತ್ರ ಉರಿಯುವ ಒಲೆಯ ಮೇಲೆಯೇ ತೂಗುವುದು, ಇಲ್ಲಿ ರಾಜಿ ಸಲ್ಲದು. ಎತ್ತಿ ಹಾಕುವಾಗ ಇಬ್ಬರಿರಲಿ. ಒಲೆಯ ಕಟ್ಟೆಯ ಮೇಲೆ ಹತ್ತಿ ನಿಲ್ಲಬೇಡಿ.

ಚಿಮಣಿಯ ಮೇಲಿನ ಬಾಯಲ್ಲಿ ಹೊರಗಾಳಿ ಒಳಬರದಂತೆ ತಡೆಯುವ ತೆಳು ರೆಕ್ಕೆಯೊಂದಿರುತ್ತದೆ. ಪೈಪ್ ಜೋಡಿಸುವಾಗ ಹಾಕಿದ ಸ್ಕ್ರೂ ಉದ್ದವಾಗಿದ್ದರೆ ಈ ರೆಕ್ಕೆಗೆ ತಾಗಿ ಅದು ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಚಿಮಣಿ ಸದ್ದು ಮಾಡುತ್ತದೆಯೇ ಹೊರತು ಹೊಗೆ ಎಳೆಯುವುದಿಲ್ಲ. ಪೈಪ್ ಹಾಕಿದ ಮೇಲೆ ಬೆರಳು ತೂರಿಸಿ ರೆಕ್ಕೆ ಪೂರ್ತಿ ತೆರೆದು ಮುಚ್ಚುತ್ತದೆಯೇ ನೋಡಿ. ಫಿಲ್ಟರಿನ ಒಳಬದಿಯ ಪ್ಲಾಸ್ಟಿಕ್ ಹಾಳೆಯನ್ನೂ ಸುಲಿದು ತೆಗೆಯಿರಿ.

ಅರ್ತಿಂಗ್

ಲೋಹದ ಮೈ, ಹಬೆ, ಒದ್ದೆ ಕೈ ಮೂರೂ ಸೇರುವ ಜಾಗವಿದು. ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ತಿಂಗ್ ಇದೆಯೆಂದಲ್ಲ, ಹಿಂದೆ ಹಸಿರು ವೈರೇ ಇಲ್ಲದ ಸಾಕೆಟ್‌ಗಳೂ ಇರುತ್ತವೆ. ಎಲೆಕ್ಟ್ರಿಷಿಯನ್ ಕೈಯಲ್ಲಿ ಟೆಸ್ಟ್ ಲ್ಯಾಂಪ್ ಹಿಡಿಸಿ ಫೇಸಿಗೂ ಅರ್ತಿಗೂ ಇಟ್ಟು ನೋಡಿಸಿ. ಬಲ್ಬ್ ಉರಿಯದಿದ್ದರೂ ಮಂಕಾಗಿ ಉರಿದರೂ ಅರ್ತಿಂಗ್ ಸರಿಯಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ ಎರೆಮಣ್ಣು ಬಿರಿದು ಅರ್ತಿಂಗ್ ಗುಂಡಿ ಒಣಗುತ್ತದೆ. ಮಾರ್ಚಿನಿಂದ ಜೂನ್‌ವರೆಗೆ ಅದಕ್ಕೆ ಆಗಾಗ ಒಂದು ಕೊಡ ನೀರು ಹಾಕಿ. ಕರೆಂಟ್ ಸೋರಿದರೆ ತಾನೇ ಬಂದ್ ಆಗುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಮನೆಯಲ್ಲಿ ಇಲ್ಲದಿದ್ದರೆ ಚಿಮಣಿಯ ಜೊತೆಗೇ ಹಾಕಿಸಿಬಿಡಿ. ಸಾಕೆಟ್ ಒಲೆಯ ನೇರಕ್ಕೆ ಬೇಡ, ಪಕ್ಕಕ್ಕೆ, ಕೈಗೆ ಎಟಕುವಂತಿರಲಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ.

ಗ್ಯಾಸ್ ಗೀಸರ್ ಇರುವ ಮನೆಯವರು ಇದನ್ನು ಓದಲೇಬೇಕು

ಚಿಮಣಿ ಎಷ್ಟು ಗಾಳಿಯನ್ನು ಹೊರಗೆ ತಳ್ಳುತ್ತದೋ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಬರಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಝಳಕ್ಕೆ ಹೆದರಿ ನಾವು ಬಾಗಿಲು, ಕಿಟಕಿ ಎಲ್ಲ ಬಿಗಿಯಾಗಿ ಮುಚ್ಚುತ್ತೇವೆ. ಆಗ ಗಾಳಿ ಬಚ್ಚಲುಮನೆಯ ಕಿಂಡಿಯಿಂದ ನುಗ್ಗುತ್ತದೆ. ಅಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿದ್ದರೆ ಹೊರಹೋಗಬೇಕಾದ ಅದರ ಹೊಗೆಯೂ ಮನೆಯೊಳಗೇ ತಿರುಗುತ್ತದೆ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಬೀಳುವವರೆಗೂ ಗೊತ್ತಾಗುವುದಿಲ್ಲ. ಚಿಮಣಿಯ ಶಕ್ತಿ ಹೆಚ್ಚಿದಷ್ಟೂ ಈ ಎಳೆತ ಹೆಚ್ಚು.

ಪರೀಕ್ಷೆ ಸುಲಭ. ಗೀಸರ್ ಬಂದ್ ಇರುವಾಗ ಕಿಟಕಿಗಳನ್ನು ಮುಚ್ಚಿ, ಚಿಮಣಿಯನ್ನು ಜೋರಿಗೆ ಇಟ್ಟು, ಬಚ್ಚಲುಮನೆಯ ಬಾಗಿಲ ಸಂದಿಯಲ್ಲಿ ಊದುಬತ್ತಿ ಹಿಡಿಯಿರಿ. ಹೊಗೆ ಅಡುಗೆಮನೆಯ ಕಡೆಗೆ ಎಳೆದರೆ ಚಿಮಣಿ ಹಾಕಿದಾಗಲೆಲ್ಲ ಅಡುಗೆಮನೆಯ ಒಂದು ಕಿಟಕಿ ಒಂದು ಗೇಣಾದರೂ ತೆರೆದಿರಬೇಕು. ಎರಡನ್ನೂ ಒಟ್ಟಿಗೆ ಹಚ್ಚದಿರುವುದು ಇನ್ನೂ ಒಳ್ಳೆಯದು. ಗೀಸರನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಕಡೆ ಹಾಕಿಸುವುದು ಎಲ್ಲಕ್ಕಿಂತ ಒಳ್ಳೆಯದು. ಕಿಟಕಿಗೆ ಕೂರಿಸಿದ ಕೂಲರ್ ಹೊರಗಿನ ಗಾಳಿಯನ್ನು ಒಳಗೆ ತರುತ್ತದೆ, ಅದರಿಂದ ಉಪಕಾರವೇ. ಎಸಿ ಮನೆಯೊಳಗಿನ ಗಾಳಿಯನ್ನೇ ತಿರುಗಿಸುವುದರಿಂದ ಅದನ್ನು ನಂಬಿ ಕಿಟಕಿ ಮುಚ್ಚಬೇಡಿ.

ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಗ್ಯಾಸ್ ಸೋರಿದ ವಾಸನೆ ಬಂದರೆ ಚಿಮಣಿ ಹಾಕಿ ಹೊರಗೆ ಕಳಿಸಬಹುದು ಎಂದು ಹಲವರು ಭಾವಿಸುತ್ತಾರೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ, ಚಿಮಣಿಗೆ ಸಿಗುವುದಿಲ್ಲ. ಆದರೆ ಆ ಗ್ಯಾಸಿಗೆ ಬೆಂಕಿ ಹತ್ತಲು ಸ್ವಿಚ್ಚಿನ ಒಂದು ಕಿಡಿ ಸಾಕು. ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು, ಕಿಟಕಿ ತೆರೆದು ಹೊರಬನ್ನಿ, 1906ಕ್ಕೆ ಹೊರಗಿನಿಂದ ಕರೆ ಮಾಡಿ.

ಬಳಸುವಾಗ

ಬಾಣಲೆ ಇಡದೆ ಬರ್ನರ್ ಹಚ್ಚಿ ಬಿಡಬೇಡಿ. ಎಣ್ಣೆಗೆ ಬೆಂಕಿ ಹತ್ತಿದರೆ ಗ್ಯಾಸ್ ಮತ್ತು ಚಿಮಣಿ ಎರಡನ್ನೂ ಬಂದ್ ಮಾಡಿ, ಮುಚ್ಚಳ ಮುಚ್ಚಿ, ನೀರು ಎರಚಬೇಡಿ. ಚಿಮಣಿ ಓಡುತ್ತಿದ್ದರೆ ಉರಿಯನ್ನು ಪೈಪಿಗೇ ಎಳೆದುಕೊಳ್ಳುತ್ತದೆ. ನೆಲಕ್ಕೆ ಒಲೆ ಇಟ್ಟುಕೊಂಡು ಕೂತು ರೊಟ್ಟಿ ಬಡಿಯುವ ಮನೆಗಳಲ್ಲಿ ಆ ಹೊಗೆ ಚಿಮಣಿಗೆ ಮುಟ್ಟುವುದಿಲ್ಲ, ಅದಕ್ಕೆ ಕಿಟಕಿ, ಎಕ್ಸಾಸ್ಟ್ ಫ್ಯಾನೇ ಗತಿ.

ರೊಟ್ಟಿಯ ಮನೆಯ ಫಿಲ್ಟರಿಗೆ ಎಣ್ಣೆಯ ಜೊತೆ ಜೋಳದ ಹಿಟ್ಟಿನ ದೂಳೂ ಅಂಟುತ್ತದೆ. ಅದರ ಮೇಲೆ ನೇರವಾಗಿ ಕುದಿನೀರು ಸುರಿದರೆ ಹಿಟ್ಟು ಬೆಂದು ಗಂಜಿಯಂತೆ ಹತ್ತಿಕೊಳ್ಳುತ್ತದೆ. ಮೊದಲು ಒಣ ಬ್ರಷ್ಷಿನಿಂದ ಹಿಟ್ಟು ಉದುರಿಸಿ, ಆಮೇಲೆ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ನೆನೆಹಾಕಿ. ಸ್ಟೀಲಿನ ಫಿಲ್ಟರಿಗೆ ವಾಷಿಂಗ್ ಸೋಡಾ ನಡೆಯುತ್ತದೆ, ಅಲ್ಯೂಮಿನಿಯಂ ಆದರೆ ಕಪ್ಪಾಗುತ್ತದೆ. ಎರಡು ಮೂರು ವಾರಕ್ಕೊಮ್ಮೆ ತೊಳೆಯಿರಿ. ಎಳ್ಳ ಅಮಾಸಿಯ ಹಿಂದಿನ ದಿನ ಸಜ್ಜಿ ರೊಟ್ಟಿ, ಕಡುಬು ಎಂದು ಒಲೆ ಆರುವುದೇ ಇಲ್ಲ, ಅದಕ್ಕೂ ಮೊದಲೊಮ್ಮೆ ತೊಳೆದಿಡಿ. ‘ಆಟೋ ಕ್ಲೀನ್’ ಇದ್ದರೂ ಫಿಲ್ಟರ್ ತೊಳೆಯುವುದು ತಪ್ಪಲಿಲ್ಲ. ಅದು ಒಳಗಿನ ಜಿಡ್ಡನ್ನು ಕಾಯಿಸಿ ಕೆಳಗಿನ ಬಟ್ಟಲಿಗೆ ಇಳಿಸುತ್ತದೆ, ಅಷ್ಟೇ. ಆ ಬಟ್ಟಲಿನ ಎಣ್ಣೆಯನ್ನು ಸಿಂಕಿಗೆ ಸುರಿಯದೆ ಹಳೆಯ ಪತ್ರಿಕೆಗೆ ಹೀರಿಸಿ ಕಸದ ಗಾಡಿಗೆ ಹಾಕಿ.