ಹವಾಮಾನದ ಸುದ್ದಿ ಫಾರ್ವರ್ಡ್ ಮಾಡುವ ಮೊದಲು

ಏಪ್ರಿಲ್ ಬಂತೆಂದರೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಎರಡು ಪಕ್ಷ. ಒಬ್ಬರು ಕಾರಿನ ಡ್ಯಾಶ್‌ಬೋರ್ಡಿನ ಫೋಟೋ ಹಾಕುತ್ತಾರೆ, 43 ಡಿಗ್ರಿ, ಜೊತೆಗೆ ಅಳುವ ಮುಖ. ಮೂರನೇ ಮಹಡಿಯ ಹಿರಿಯರು, "ನಮ್ಮ ಕಾಲದಲ್ಲೂ ಸೆಕೆ ಇತ್ತು, ನಾವೇನು ಸತ್ತು ಹೋದ್ವಾ?" ಅಂತ ಬರೆಯುತ್ತಾರೆ. ನನ್ನ ಕೆಲಸ ಮಳೆ, ಬಿಸಿಲಿನ ಲೆಕ್ಕ ನೋಡುವುದು ಅಂತ ಗೊತ್ತಿರುವುದರಿಂದ ಇಬ್ಬರೂ ನನ್ನನ್ನೇ ಟ್ಯಾಗ್ ಮಾಡುತ್ತಾರೆ. ನಾನು ಇಬ್ಬರಿಗೂ ಕೇಳುವುದು ಒಂದೇ ಪ್ರಶ್ನೆ. ಯಾವುದಕ್ಕೆ ಹೋಲಿಸಿ? ಇದನ್ನು ಎಲ್ಲೆಲ್ಲಿ, ಹೇಗೆ ಕೇಳಬೇಕು ಅಂತ ಹೇಳುತ್ತೇನೆ.

ಮೊದಲು ಒಂದು ಪದದ ತಕರಾರು. ನಾಳೆ ಮಳೆ ಬರುತ್ತಾ ಅನ್ನುವುದಕ್ಕೂ ನಾವು 'ಹವಾಮಾನ ವರದಿ' ಅನ್ನುತ್ತೇವೆ, ಭೂಮಿ ದಶಕಗಟ್ಟಲೆ ಬಿಸಿಯಾಗುತ್ತಿರುವುದಕ್ಕೂ 'ಹವಾಮಾನ ಬದಲಾವಣೆ' ಅನ್ನುತ್ತೇವೆ. ಶಾಲೆಯ ಪುಸ್ತಕದಲ್ಲಿ ಎರಡನೆಯದಕ್ಕೆ 'ವಾಯುಗುಣ' ಅಂತ ಬೇರೆ ಪದವೇ ಇದೆ, ಆದರೆ ಪೇಪರಿನಲ್ಲಿ ಅದು ಕಾಣುವುದು ಕಡಿಮೆ. ಹಾಗಾಗಿ ವಿಂಗಡಿಸುವ ಕೆಲಸ ಓದುಗರದ್ದೇ. ಈ ಸುದ್ದಿ ಒಂದು ದಿನದ್ದಾ, ಒಂದು ಮಳೆಗಾಲದ್ದಾ, ಇಲ್ಲಾ 30 ವರ್ಷದ ಸರಾಸರಿಯದ್ದಾ? 2024 ಇಡೀ ಭೂಮಿಗೆ ದಾಖಲೆಯ ಬಿಸಿ ವರ್ಷ, ಕೈಗಾರಿಕೆಗಳಿಗಿಂತ ಹಿಂದಿನ ಕಾಲಕ್ಕೆ ಹೋಲಿಸಿದರೆ ಸುಮಾರು 1.55 ಡಿಗ್ರಿ ಜಾಸ್ತಿ. ಕೂಡಲೇ "1.5ರ ಪ್ಯಾರಿಸ್ ಗುರಿ ಮುರಿದುಬಿತ್ತು" ಅಂತ ತಲೆಬರಹ ಬಂತು. ಬಿಸಿಯ ಏರಿಕೆಯನ್ನು 1.5 ಡಿಗ್ರಿಯೊಳಗೆ ಹಿಡಿಯಲು ಪ್ರಯತ್ನಿಸೋಣ ಅಂತ ದೇಶಗಳು ಪ್ಯಾರಿಸ್‌ನಲ್ಲಿ ಒಪ್ಪಿಕೊಂಡ ಆ ಗುರಿ ಒಂದು ವರ್ಷದ್ದಲ್ಲ, ದೀರ್ಘಕಾಲದ ಸರಾಸರಿಯದ್ದು. ಅಂದಮಾತ್ರಕ್ಕೆ ಹಿರಿಯರು ಗೆದ್ದರು ಅಂತಲ್ಲ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯ ಪ್ರತಿ ಹತ್ತು ಲಕ್ಷ ಕಣದಲ್ಲಿ ಸುಮಾರು 315 ಇಂಗಾಲದ ಡೈಆಕ್ಸೈಡ್ ಇತ್ತು, ಈಗ 420 ದಾಟಿದೆ. ಭೂಮಿಯ ಬಿಸಿಯನ್ನು ಹಿಡಿದಿಡುವ ಈ ಅನಿಲದ ಗೆರೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ.

ಇನ್ನು ಕಾರಿನ 43 ಡಿಗ್ರಿ. ಅಧಿಕೃತ ಥರ್ಮಾಮೀಟರು ಇರುವುದು ನೆರಳಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಮೇಲೆ. ನಿಮ್ಮ ಕಾರು ಅಳೆಯುವುದು ಕಾದ ಟಾರಿನ ಮೇಲಿನ ಬಿಸಿ. ಬೆಂಗಳೂರು ನಗರದ ದಾಖಲೆ 2016ರ ಏಪ್ರಿಲಿನ 39.2 ಡಿಗ್ರಿ, ಅದನ್ನು ನೆನಪಿಟ್ಟುಕೊಂಡರೆ ಅರ್ಧ ಫೋಟೋಗಳು ತಾವಾಗಿಯೇ ಉದುರುತ್ತವೆ. ಉಪಗ್ರಹದ ಕೆಂಪು ನಕ್ಷೆಗಳಲ್ಲೂ ಇದೇ ಕಥೆ, ಅವು ಬಹಳಷ್ಟು ಸಲ ತೋರಿಸುವುದು ನೆಲದ ಮೈ ಬಿಸಿ, ಗಾಳಿಯದ್ದಲ್ಲ. ಅಧಿಕೃತ ಯಂತ್ರವೂ ಎಡವುತ್ತದೆ ಅನ್ನಿ. 2024ರ ಮೇ 29ಕ್ಕೆ ದೆಹಲಿಯ ಮುಂಗೇಶ್‌ಪುರದಲ್ಲಿ 52.9 ಡಿಗ್ರಿ ಅಂತ ಬಂದು ಜಗತ್ತೆಲ್ಲಾ ಸುದ್ದಿಯಾಯಿತು. ಆಮೇಲೆ ಹವಾಮಾನ ಇಲಾಖೆಯೇ ಪರೀಕ್ಷಿಸಿ, ಸೆನ್ಸರು 3 ಡಿಗ್ರಿ ಜಾಸ್ತಿ ತೋರಿಸಿತ್ತು ಅಂತ ಹೇಳಿತು. ಪಕ್ಕದ ಕೇಂದ್ರಗಳಲ್ಲಿ ಎಷ್ಟಿತ್ತು ಅಂತ ನೋಡಿದ್ದರೆ ಅವತ್ತೇ ಅನುಮಾನ ಬರುತ್ತಿತ್ತು. ದಾಖಲೆ ಮುರಿದ ಸುದ್ದಿಗೆ ಎರಡು ದಿನ ಕಾಯಿರಿ. ಏನೂ ನಷ್ಟ ಇಲ್ಲ.

ಮಳೆಯ ಸುದ್ದಿಯಲ್ಲಿ ಮೋಸ ಮಾಡುವುದು ಶೇಕಡಾವಾರು. ಜನವರಿಯಲ್ಲಿ "ವಾಡಿಕೆಗಿಂತ ಶೇ 200 ಹೆಚ್ಚು ಮಳೆ" ಅಂತ ಓದಿದರೆ ಹೆದರಬೇಡಿ. ಆ ತಿಂಗಳ ವಾಡಿಕೆಯೇ ಕೆಲವು ಮಿಲಿಮೀಟರು, ಒಂದು ಸಂಜೆ ಜೋರಾಗಿ ಹನಿದರೂ ಸಾಕು. ಇಡೀ ರಾಜ್ಯದ ಸರಾಸರಿಯನ್ನೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯನ್ನೂ 500 ಮಿ.ಮೀ.ಗೆ ಪರದಾಡುವ ಚಳ್ಳಕೆರೆಯನ್ನೂ ಸೇರಿಸಿ ಸರಾಸರಿ ತೆಗೆದರೆ ಅದು ಯಾರ ಊರಿನ ಮಳೆ? 2019ರಲ್ಲಿ ಉತ್ತರ ಕರ್ನಾಟಕ ಬರದಲ್ಲಿ ಒಣಗಿ, ಆಗಸ್ಟಿನಲ್ಲಿ ಪ್ರವಾಹದಲ್ಲಿ ಮುಳುಗಿತು. ಅಂಥ ವರ್ಷ ಕೊನೆಗೆ ಕೂಡಿಸಿ ಭಾಗಿಸಿದರೆ ಎರಡು ಸಂಕಟವೂ ಲೆಕ್ಕದಲ್ಲಿ ಕಾಣುವುದಿಲ್ಲ. ಆದ್ದರಿಂದ ಹೋಬಳಿ, ತಾಲ್ಲೂಕಿನ ಅಂಕಿ ಹುಡುಕಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅದನ್ನು ಕೊಡುತ್ತದೆ.

ಮುನ್ಸೂಚನೆಯ ಭಾಷೆಗೂ ಅಳತೆ ಇದೆ, ಸುಮ್ನೆ ಬರೆದ ಮಾತಲ್ಲ. "ಒಂದೆರಡು ಕಡೆ" ಅಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗಕ್ಕೆ ಮಳೆ. "ಬಹುತೇಕ ಕಡೆ" ಅಂದರೆ ಮುಕ್ಕಾಲಿಗೂ ಜಾಸ್ತಿ. "ಭಾರಿ ಮಳೆ" ಅಂದರೆ 24 ಗಂಟೆಗೆ 64.5 ಮಿ.ಮೀ. ಮೇಲೆ, "ಅತ್ಯಂತ ಭಾರಿ" ಅಂದರೆ 204.5 ಅಥವಾ ಅದಕ್ಕಿಂತ ಜಾಸ್ತಿ. ಒಂದೆರಡು ಕಡೆ ಮಳೆ ಅಂತ ಹೇಳಿ ನಿಮ್ಮ ಬೀದಿಗೆ ಬರದಿದ್ದರೆ ಇಲಾಖೆ ಸುಳ್ಳು ಹೇಳಿದಂತೆ ಆಗುವುದಿಲ್ಲ.

ಅಣೆಕಟ್ಟಿನ ಮಟ್ಟ ಓದುವಾಗ ಅಡಿ ಬಿಟ್ಟು ಟಿಎಂಸಿ ನೋಡಿ, ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಕೆಆರ್‌ಎಸ್‌ನ ಪೂರ್ಣ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ. 100 ಅಡಿ ನೀರಿದೆ ಅಂದಾಗ ಐದರಲ್ಲಿ ನಾಲ್ಕು ಭಾಗ ತುಂಬಿದೆ ಅನಿಸುತ್ತದೆ, ಆದರೆ ಅಷ್ಟೊತ್ತಿಗೆ ನೀರು ಇರುವುದು ಅರ್ಧಕ್ಕಿಂತ ಕಡಿಮೆ. ಜಲಾಶಯ ಡ್ರಮ್ಮಿನ ಥರ ಅಲ್ಲ, ಬಾಣಲೆಯ ಥರ. ಮೇಲಿನ ಅಡಿಗಳಲ್ಲೇ ಜಾಸ್ತಿ ನೀರು.

ಈಗ ಕರೆಂಟು. ಇಲ್ಲೇ ಜನ ಜಾಸ್ತಿ ಮೋಸ ಹೋಗುವುದು, ಪರ ಇರುವವರೂ ವಿರೋಧ ಇರುವವರೂ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ರಾಯಚೂರಿನ ಕಲ್ಲಿದ್ದಲು ಸ್ಥಾವರ 1,720. ಹಾಗಾದರೆ ಪಾವಗಡವೇ ದೊಡ್ಡದು, ಅಲ್ವಾ? ಮೆಗಾವ್ಯಾಟ್ ಅನ್ನುವುದು ನಲ್ಲಿಯ ಗಾತ್ರ ಇದ್ದ ಹಾಗೆ, ಬಿಲ್ಲಿಗೆ ಬರುವುದು ಬಕೆಟ್ಟಿಗೆ ಬಿದ್ದ ನೀರು, ಅಂದರೆ ಯೂನಿಟ್ಟು. ರಾತ್ರಿ, ಮೋಡ, ಬೆಳಗ್ಗೆ ಸಂಜೆಯ ಓರೆ ಬಿಸಿಲು ಎಲ್ಲಾ ಕಳೆದರೆ ಸೋಲಾರಿಗೆ ಸಿಗುವುದು ಪೂರ್ತಿ ಸಾಮರ್ಥ್ಯದ ಐದನೇ ಒಂದು ಭಾಗದಿಂದ ಕಾಲು ಭಾಗ. ಪಾವಗಡಕ್ಕೆ ದಿನಕ್ಕೆ ಹೆಚ್ಚುಕಮ್ಮಿ ಒಂದು ಕೋಟಿ ಯೂನಿಟ್ಟು ಆಯಿತು. ರಾಯಚೂರು ಮುಕ್ಕಾಲು ಸಾಮರ್ಥ್ಯದಲ್ಲಿ ನಡೆದರೆ ಮೂರು ಕೋಟಿ. 2025ರಲ್ಲಿ ದೇಶದ ಅರ್ಧ ವಿದ್ಯುತ್ ಸಾಮರ್ಥ್ಯ ಕಲ್ಲಿದ್ದಲು, ಅನಿಲ ಇಲ್ಲದ್ದು ಅಂತ ಘೋಷಣೆಯಾಯಿತಲ್ಲ, ಅದು ನಿಜವೇ, ಆದರೆ ಅದು ನಲ್ಲಿಯ ಲೆಕ್ಕ. 2023-24ರ ಬಕೆಟ್ಟು ನೋಡಿದರೆ ಹತ್ತು ಯೂನಿಟ್ಟಿನಲ್ಲಿ ಏಳಕ್ಕೂ ಜಾಸ್ತಿ ಕಲ್ಲಿದ್ದಲಿನದ್ದು.

ಹಾಗಂತ ಸೋಲಾರ್ ದಂಡ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಇಷ್ಟನ್ನೇ ಕತ್ತರಿಸಿ ಫಾರ್ವರ್ಡ್ ಮಾಡಬೇಡಿ! ಆ ಒಂದು ಕೋಟಿ ಯೂನಿಟ್ಟಿಗೆ ಕಲ್ಲಿದ್ದಲು ಸುಡಬೇಕಾಗಿಲ್ಲ, ಅದು ದೊಡ್ಡ ಲಾಭ. ಕೇಳಬೇಕಾದ ಪ್ರಶ್ನೆ ಸಂಜೆ ಏಳು ಗಂಟೆಯದ್ದು: ಸೂರ್ಯ ಮುಳುಗಿ ಎಲ್ಲರ ಮನೆಯಲ್ಲೂ ದೀಪ, ಟಿವಿ, ಫ್ಯಾನು ಹತ್ತಿದಾಗ ಕರೆಂಟು ಎಲ್ಲಿಂದ? ಬ್ಯಾಟರಿಯಿಂದಲೋ, ಶರಾವತಿಯ ನೀರಿನಿಂದಲೋ, ರಾಯಚೂರಿನಿಂದಲೋ? ಹೊಸ ಯೋಜನೆಯ ಸುದ್ದಿಯಲ್ಲಿ ಇದಕ್ಕೆ ಉತ್ತರ ಇಲ್ಲದಿದ್ದರೆ ಸುದ್ದಿ ಅರ್ಧ ಅಂತ ತಿಳಿಯಿರಿ.

ಪಾವಗಡ ಅಂದಾಗ ನನಗೆ ಸುಲೋಚನಾ ಗಾಡ್ಗೀಳ್ ನೆನಪಾಗುತ್ತಾರೆ. ಸೋಲಾರ್ ಫಲಕ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಈ ವಿಜ್ಞಾನಿ ಅಲ್ಲಿನ ಶೇಂಗಾ ರೈತರ ಜೊತೆ ಕೂತು, ಬಹಳ ವರ್ಷಗಳ ಮಳೆ ಲೆಕ್ಕ ಇಟ್ಟುಕೊಂಡು, ಯಾವಾಗ ಬಿತ್ತಿದರೆ ನಷ್ಟದ ಭಯ ಕಡಿಮೆ ಅಂತ ಹುಡುಕಿದ್ದರು. ನೆಲ ಕಾದು ಕಡಲಿನ ಗಾಳಿಯನ್ನು ಎಳೆದುಕೊಳ್ಳುವುದೇ ಮುಂಗಾರು ಅಂತ ನಾವೆಲ್ಲಾ ಶಾಲೆಯಲ್ಲಿ ಓದಿದ್ದೇವಲ್ಲ, ಅದಕ್ಕೂ ಅವರದ್ದು ಹೋಲಿಕೆಯ ಪ್ರಶ್ನೆಯೇ. ನೆಲ ಜುಲೈಗಿಂತ ಮೇ ತಿಂಗಳಲ್ಲೇ ಜಾಸ್ತಿ ಕಾದಿರುತ್ತದೆ, ಒಳ್ಳೆ ಮಳೆಯ ವರ್ಷಕ್ಕಿಂತ ಬರದ ವರ್ಷದಲ್ಲೇ ಜಾಸ್ತಿ ಕಾದಿರುತ್ತದೆ, ಹಾಗಿದ್ದರೆ ಆಗ ಮಳೆ ಯಾಕೆ ಜಾಸ್ತಿ ಬರುವುದಿಲ್ಲ? ಬರೀ ನೆಲದ ಬಿಸಿ ಸಾಲದು, ಸಮಭಾಜಕದ ಮಳೆಪಟ್ಟಿ ಉತ್ತರಕ್ಕೆ ಸರಿಯುವುದೇ ಮುಂಗಾರು ಅನ್ನುವುದು ಅವರ ವಾದ. ಕಥೆ ಸಲೀಸಾಗಿ ಗಂಟಲಿಗೆ ಇಳಿದರೆ ಒಮ್ಮೆ ಹೀಗೆ ತಿರುಗಿಸಿ ನೋಡಿ.

ಅನಾಹುತಗಳ ವಿಷಯದಲ್ಲಂತೂ ಇದು ತುಂಬಾ ಮುಖ್ಯ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದ ಮೇಲೆ ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿ, ಆ ದಿನದ ಮಳೆಯ ಜೋರು ಹವಾಮಾನ ಬದಲಾವಣೆಯಿಂದ ಸುಮಾರು ಶೇ 10 ಹೆಚ್ಚಾಗಿತ್ತು ಅಂತ ಹೇಳಿತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7 ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ, ಆದ್ದರಿಂದ ಸುರಿದಾಗ ಜೋರಾಗಿಯೇ ಸುರಿಯುತ್ತದೆ. ಆದರೆ ಉಳಿದದ್ದು? ಇಳಿಜಾರು, ಮಣ್ಣು, ಕಾಡು ಕಡಿದದ್ದು, ಎಲ್ಲಿ ಮನೆ ಕಟ್ಟಲು ಬಿಟ್ಟರು ಅನ್ನುವುದು. ಅದೇ ತಿಂಗಳು ಅಂಕೋಲಾ ಹತ್ತಿರದ ಶಿರೂರಿನಲ್ಲೂ ಹೆದ್ದಾರಿ ಪಕ್ಕದ ಗುಡ್ಡ ಜಾರಿತು, ರಸ್ತೆಗಾಗಿ ಗುಡ್ಡ ಕಡಿದ ರೀತಿಯ ಬಗ್ಗೆ ಪ್ರಶ್ನೆ ಎದ್ದವು. ಎಲ್ಲವನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟಿದರೆ ಗುಡ್ಡ ಕಡಿದವರು ಬಚಾವ್. ಅದರ ಪಾತ್ರವೇ ಇಲ್ಲ ಅಂದರೆ ಹೊಗೆ ಬಿಟ್ಟವರು ಬಚಾವ್.

ಭಾರತ ಬಿಡುವ ಇಂಗಾಲದ ಹೊಗೆಯ ಲೆಕ್ಕದಲ್ಲೂ ಇದೇ ಆಟ. ಒಟ್ಟು ಲೆಕ್ಕದಲ್ಲಿ ನಾವು ಜಗತ್ತಿಗೆ ಮೂರನೆಯವರು, ತಲಾ ಲೆಕ್ಕದಲ್ಲಿ ಜಗತ್ತಿನ ಸರಾಸರಿಯ ಅರ್ಧವೂ ಇಲ್ಲ. ಎರಡೂ ನಿಜ. ಹೇಳುವವರು ಯಾವುದನ್ನು ಆರಿಸಿಕೊಂಡರು ಅಂತ ಗಮನಿಸಿ, ಸಾಕು.

ಇದೆಲ್ಲಾ ಓದಿ ತಲೆ ಕೆಟ್ಟರೆ ಒಂದು ಸಣ್ಣ ಕೆಲಸ ಮಾಡಿ. ನೆಟ್ಟಗಿರುವ, ಮೈ ಒಂದೇ ಅಗಲದ ಎರಡು ಲೀಟರಿನ ಬಾಟಲಿ ತೆಗೆದುಕೊಳ್ಳಿ. ಭುಜದ ಕೆಳಗೆ ಕತ್ತರಿಸಿ, ಮೇಲಿನ ಭಾಗವನ್ನು ಬೋರಲು ಮಾಡಿ ಆಲಿಕೆಯ ಥರ ಒಳಗೆ ಕೂರಿಸಿ. ತಳ ಡೊಂಕಿರುತ್ತದೆ, ಅದಕ್ಕೆ ಕಲ್ಲು ಹಾಕಿ ನೆಟ್ಟನೆಯ ಭಾಗದವರೆಗೆ ನೀರು ತುಂಬಿ ಅಲ್ಲಿ ಸೊನ್ನೆ ಅಂತ ಗೆರೆ ಎಳೆಯಿರಿ, ಮೇಲಕ್ಕೆ ಸ್ಕೇಲು ಅಂಟಿಸಿ. ಮರ, ಗೋಡೆ ಹತ್ತಿರ ಇಲ್ಲದ ಕಡೆ ತಾರಸಿಯಲ್ಲಿ ಇಡಿ. ಒಂದು ಮಿ.ಮೀ. ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರು. 30-40ರ ಸೈಟಿನ ಮೇಲೆ 10 ಮಿ.ಮೀ. ಬಿದ್ದರೆ ಸುಮಾರು 1,100 ಲೀಟರು, ತಾರಸಿಯ ಮೇಲಿನ ಸಾವಿರ ಲೀಟರಿನ ಟ್ಯಾಂಕು ತುಂಬಿ ಹರಿಯುತ್ತದೆ. ದಿನಾ ಬೆಳಗ್ಗೆ 8.30ಕ್ಕೆ ಬರೆದಿಡಿ, ಇಲಾಖೆಯೂ ಅದೇ ಹೊತ್ತಿಗೆ ಅಳೆಯುವುದರಿಂದ ಹೋಲಿಸಲು ಸುಲಭ. ಬರೆದ ಮೇಲೆ ಸೊನ್ನೆ ಗೆರೆಯವರೆಗೆ ನೀರು ಬದಲಾಯಿಸುವುದು ಮರೆಯಬೇಡಿ, ಸೊಳ್ಳೆ ಮೊಟ್ಟೆ ಇಡುತ್ತದೆ.